ನೂರಕ್ಕೆ ತೊಂಬತ್ತೈದು

ನಮ್ಮ ಆಫೀಸಿನಲ್ಲಿ ಡೇನಿಯಲ್ ಕಾನೆಮನ್ ಓದಿದವರನ್ನು ಸುಲಭವಾಗಿ ಪತ್ತೆ ಹಚ್ಚಬಹುದು. ಮೀಟಿಂಗಿನಲ್ಲಿ ತಮ್ಮ ವಾದ ಸೋಲ್ತಾ ಇದೆ ಅನ್ನಿಸಿದ ಕೂಡಲೇ 'ಇದು ಕನ್ಫರ್ಮೇಶನ್ ಬಯಾಸ್' ಅಂತ ಒಂದು ಮಾತು ಎಸೆದು ಕಾಫಿ ಮಗ್ ಎತ್ತಿಕೊಳ್ಳುತ್ತಾರೆ. ಬಯಾಸ್ ಯಾವತ್ತೂ ಎದುರಿನವರದ್ದೇ. ನಾನೂ ಇದೇ ಪಂಗಡದವನು. 2011ರಲ್ಲಿ ಬಂದ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' ಪುಸ್ತಕವನ್ನು ಅರ್ಧ ಓದಿ, ಪೂರ್ತಿ ಓದಿದವನ ಹಾಗೆ ಎಷ್ಟೋ ವರ್ಷ ಮಾತಾಡಿದ್ದೇನೆ. ಉಳಿದರ್ಧ ಓದಿದ್ದು ಹೋದ ಮಳೆಗಾಲದಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ.

ಅಪ್ಪನಿಗೆ ಬೈಪಾಸ್ ಆಗಬೇಕು ಅಂದಿದ್ದರು. ವಯಸ್ಸು 72, ಜೊತೆಗೆ ಹಳೇ ಸಕ್ಕರೆ ಕಾಯಿಲೆ. ಡಾಕ್ಟರು ಸಮಾಧಾನವಾಗಿ ಹೇಳಿದರು: "ಇವರಂಥ ಕೇಸಲ್ಲಿ ನೂರಕ್ಕೆ 95 ಜನ ಆರಾಮಾಗಿ ಮನೆಗೆ ಹೋಗ್ತಾರೆ." ಎದೆ ಹಗುರಾಯಿತು. ಲಿಫ್ಟಿನ ತನಕ ಬರುವಷ್ಟರಲ್ಲಿ ಹಾಳು ಬುದ್ಧಿ ಲೆಕ್ಕ ತಿರುಗಿಸಿತು. ನೂರಕ್ಕೆ ಐದು ಜನ ಹೋಗಲ್ಲ. ಅಂದರೆ ಇಪ್ಪತ್ತರಲ್ಲಿ ಒಬ್ಬರು. ವಾರ್ಡಿನಲ್ಲಿ ಎಷ್ಟು ಮಂಚ ಇದೆ ಅಂತ ಎಣಿಸೋಕೆ ಶುರು ಮಾಡಿದೆ.

ಈ ಆಟ ಪುಸ್ತಕದಲ್ಲಿದೆ ಅಂತ ಗೊತ್ತಿತ್ತು. ಮೊಬೈಲಿನಲ್ಲಿ ತೆರೆದೆ. 34ನೇ ಅಧ್ಯಾಯ. ಕಾನೆಮನ್ ಅವರ ಒಡನಾಡಿ ಅಮೋಸ್ ಟ್ವೆರ್ಸ್ಕಿ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಶ್ವಾಸಕೋಶದ ಕ್ಯಾನ್ಸರಿಗೆ ಸರ್ಜರಿಯೋ, ರೇಡಿಯೇಶನ್ನೋ? ಸರ್ಜರಿಯಾದ ಮೊದಲ ತಿಂಗಳು ನೂರಕ್ಕೆ 90 ಮಂದಿ ಬದುಕುತ್ತಾರೆ ಅಂದಾಗ 84ರಷ್ಟು ವೈದ್ಯರು ಸರ್ಜರಿ ಅಂದರು. ನೂರಕ್ಕೆ 10 ಮಂದಿ ಸಾಯುತ್ತಾರೆ ಅಂದಾಗ ಅರ್ಧಕ್ಕರ್ಧ ವೈದ್ಯರು ರೇಡಿಯೇಶನ್ ಕಡೆ ವಾಲಿದರು. ಓದಿ ಒಂದು ಥರದ ನೆಮ್ಮದಿ. ವೈದ್ಯರೇ ಹೀಗಾದರೆ ನಾನ್ಯಾವ ಲೆಕ್ಕ!

ಆದರೆ ನೆಮ್ಮದಿ ಐದು ನಿಮಿಷದ್ದು. ಎರಡೂ ವಾಕ್ಯ ಒಂದೇ ಅಂತ ಈಗ ಗೊತ್ತಾಯ್ತು, ಸರಿ. ಹಾಗಾದರೆ ಸಹಿ ಹಾಕಲೋ ಬೇಡವೋ? ಧೈರ್ಯವಾಗಿದ್ದ ನಾನು ಸರಿಯೋ, ಮಂಚ ಎಣಿಸಿದ ನಾನು ಸರಿಯೋ?

ಪುಸ್ತಕ ಇಲ್ಲಿ ಮಿದುಳಿನ ಕಡೆ ತಿರುಗುತ್ತದೆ. ಲಂಡನ್ನಿನಲ್ಲಿ ಬೆನೆಡೆಟ್ಟೊ ಡಿ ಮಾರ್ಟಿನೊ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗ. ಕೈಗೆ 50 ಪೌಂಡ್ ಬಂದಿದೆ ಅಂದುಕೊಳ್ಳಿ. ಅದರಲ್ಲಿ '20 ಉಳಿಸಿಕೊಳ್ಳಿ' ಅಂದರೂ ಒಂದೇ, '30 ಕಳೆದುಕೊಳ್ಳಿ' ಅಂದರೂ ಒಂದೇ. ಆದರೆ 'ಕಳೆದುಕೊಳ್ಳಿ' ಕೇಳಿಸಿದ ತಕ್ಷಣ ಜನ ಅದನ್ನು ಬಿಟ್ಟು ಜೂಜಿಗಿಳಿಯುತ್ತಾರೆ. ಹೀಗೆ ಮಾತಿನ ಧಾಟಿಗೆ ತಕ್ಕಂತೆ ಕುಣಿದಾಗ ಸ್ಕ್ಯಾನರಿನಲ್ಲಿ ಅಮಿಗ್ಡಲಾ ಚುರುಕಾಗಿತ್ತು. ಮಾತಿಗೆ ಅಷ್ಟಾಗಿ ಮರುಳಾಗದವರಲ್ಲಿ ಹಣೆಯ ಹಿಂದಿನ ಮುಂಭಾಗದ ಕೆಲವು ಜಾಗಗಳು ಹೆಚ್ಚು ಚುರುಕು. ಚಂದದ ಪ್ರಯೋಗ, ಅನುಮಾನವಿಲ್ಲ. ಭಾಗವಹಿಸಿದವರು ಮಾತ್ರ 20 ಜನ.

ನನ್ನ ತಕರಾರು ಪ್ರಯೋಗದ ಬಗ್ಗೆ ಅಲ್ಲ, ಅದು ಪುಸ್ತಕದೊಳಗೆ ಮಾಡುವ ಕೆಲಸದ ಬಗ್ಗೆ. ಕಾನೆಮನ್ ಅವರ ಕಥೆಯಲ್ಲಿ ಎರಡು ಪಾತ್ರ: ದುಡುಕಿನ ಸಿಸ್ಟಮ್ ಒನ್, ಸೋಮಾರಿ ಸಿಸ್ಟಮ್ ಟೂ. ಇವಕ್ಕೆ ಮಿದುಳಿನಲ್ಲಿ ಇಂಥದ್ದೇ ಅಂತ ಮನೆಯಿಲ್ಲ ಎಂದು ಅವರೇ ಮೊದಲು ಎಚ್ಚರಿಸುತ್ತಾರೆ. ಆಮೇಲೆ ಅಮಿಗ್ಡಲಾ ಬೆಳಗಿದ್ದನ್ನು ತೋರಿಸಿದಾಗ, ಓದುವವನು ಮನೆಯ ನಂಬರನ್ನೇ ಬರೆದುಕೊಳ್ಳುತ್ತಾನೆ. ಅಮಿಗ್ಡಲಾ ಭಯಕ್ಕಷ್ಟೇ ಅಲ್ಲ, ಹೊಸದಕ್ಕೂ ಸಿಗಬಹುದಾದ ಬಹುಮಾನಕ್ಕೂ ಚುರುಕಾಗುತ್ತದೆ. ಅಲ್ಲಿ ಬೆಳಕು ಕಂಡಿತು, ಆದ್ದರಿಂದ ಒಳಗೆ ಭಯವಿತ್ತು ಅನ್ನೋದು ದೊಡ್ಡ ಹಾರಿಕೆ. ಕಾರಿಡಾರಿನಲ್ಲಿ ನಂಗೂ ಭಯ ಆಗ್ತಿತ್ತು ಸ್ವಾಮಿ, ಅದಕ್ಕೆ ಸ್ಕ್ಯಾನರ್ ಬೇಕಿರಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿರುವುದು 4ನೇ ಅಧ್ಯಾಯಕ್ಕೆ, 'ಪ್ರೈಮಿಂಗ್' ಕುರಿತದ್ದು. ಮುಪ್ಪನ್ನು ನೆನಪಿಸುವ ಪದಗಳನ್ನು ಓದಿದ ವಿದ್ಯಾರ್ಥಿಗಳು ನಿಧಾನವಾಗಿ ನಡೆದರು ಎಂಬ 1996ರ ಪ್ರಯೋಗ ಗೊತ್ತಲ್ವಾ, ಪಾರ್ಟಿಗಳಲ್ಲಿ ನಾನೇ ಎಷ್ಟು ಸಲ ಹೇಳಿದ್ದೇನೋ. ಇದನ್ನೆಲ್ಲ ನಂಬದಿರುವ ಆಯ್ಕೆಯೇ ನಿಮಗಿಲ್ಲ ಎಂಬ ಧಾಟಿಯಲ್ಲಿ ಕಾನೆಮನ್ ಬರೆದಿದ್ದರು. 2012ರಲ್ಲಿ ಬ್ರಸೆಲ್ಸಿನ ತಂಡವೊಂದು ಸ್ವಯಂಚಾಲಿತ ಉಪಕರಣದಿಂದ ನಡಿಗೆಯ ಸಮಯ ಅಳೆದಾಗ ಆ ನಿಧಾನ ಕಾಣಲೇ ಇಲ್ಲ. ಇನ್ನೊಂದು ಸುತ್ತಿನಲ್ಲಿ ಕಂಡದ್ದು, ಇವರು ನಿಧಾನವಾಗಿ ನಡೀತಾರೆ ಅಂತ ಪ್ರಯೋಗ ನಡೆಸುವವರಿಗೇ ಮೊದಲೇ ನಿರೀಕ್ಷೆ ಹುಟ್ಟಿಸಿದ್ದಾಗ. ಪುಟ್ಟ ಸ್ಯಾಂಪಲ್ಲುಗಳ ಅಧ್ಯಯನಗಳನ್ನು ಅತಿಯಾಗಿ ನಂಬಿಬಿಟ್ಟೆ ಎಂದು 2017ರಲ್ಲಿ ಕಾನೆಮನ್ ತಾವೇ ಒಪ್ಪಿಕೊಂಡರು. ಪುಟ್ಟ ಸ್ಯಾಂಪಲ್ಲನ್ನು ಸಂಶೋಧಕರು ಹೇಗೆ ವಿಪರೀತ ನಂಬುತ್ತಾರೆ ಅಂತ 1971ರಲ್ಲೇ ಟ್ವೆರ್ಸ್ಕಿ ಜೊತೆ ಲೇಖನ ಬರೆದಿದ್ದವರು! ಇದನ್ನು ನಾನು ಕೊಂಕಿಗೆ ಹೇಳುತ್ತಿಲ್ಲ. ನೊಬೆಲ್ ಪಡೆದ ಮನುಷ್ಯ ಎಂಬತ್ತು ದಾಟಿದ ಮೇಲೆ 'ತಪ್ಪಾಯ್ತು' ಅನ್ನೋದು, ಮೀಟಿಂಗಿನಲ್ಲಿ ಬಯಾಸ್ ಎಸೆಯುವ ನಮಗೆ ಯಾವತ್ತು ಸಾಧ್ಯವಾಗಿದೆ?

ಮತ್ತೆ 34ಕ್ಕೇ ಬರುತ್ತೇನೆ. ಯಾಕಂದ್ರೆ ಅಲ್ಲಿ ಯಾರೂ ಅಷ್ಟಾಗಿ ಎತ್ತಿ ಹೇಳದ ಒಂದು ಮಾತಿದೆ. ಒಂದೇ ಸಂಗತಿಗೆ ನೀವು ಎರಡು ವಿರುದ್ಧ ಉತ್ತರ ಕೊಟ್ಟಿದ್ದೀರಿ, ಈಗ ಹೇಳಿ ಯಾವುದು ಸರಿ ಅಂತ ಕೇಳಿದರೆ ಜನ ಮುಜುಗರದಿಂದ ಸುಮ್ಮನಾಗುತ್ತಾರಂತೆ. ಮಾತಿನ ಚೌಕಟ್ಟನ್ನು ಬಿಚ್ಚಿದರೆ ಅಡಿಯಲ್ಲಿ ನಮ್ಮ 'ನಿಜವಾದ' ಇಷ್ಟ ಕಾಣುತ್ತೆ ಅಂತ ಅಂದುಕೊಳ್ಳಬೇಡಿ, ಎಷ್ಟೋ ಸಲ ಅಲ್ಲಿ ಏನೂ ಇರಲ್ಲ ಅನ್ನುತ್ತದೆ ಪುಸ್ತಕ. ಇಡೀ ಪುಸ್ತಕದಲ್ಲಿ ನನ್ನನ್ನು ಅಲ್ಲಾಡಿಸಿದ್ದು ಇದು. ಬೇಜಾರೆಂದರೆ ಪುಸ್ತಕ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತಪ್ಪುಗಳ ಪಟ್ಟಿ ಮಾಡುವಾಗ ಇದ್ದ ಉತ್ಸಾಹ, ಇಷ್ಟಗಳು ಎಲ್ಲಿಂದ ಬರುತ್ತವೆ ಅಂತ ಹುಡುಕುವಾಗ ಇಲ್ಲ. ಅದರ ಪ್ರಯೋಗಗಳಲ್ಲಿ ಮನುಷ್ಯ ಒಬ್ಬನೇ ಕೂತು ಟಿಕ್ ಹಾಕುತ್ತಾನೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ.

ನನಗೆ ಸಾಗರದಲ್ಲಿ ಅಕ್ಕ ಇದ್ದಳು. ರಾತ್ರಿ ಫೋನ್ ಮಾಡಿ 95, 5, ಲಂಡನ್ನು, ಅಮಿಗ್ಡಲಾ ಎಲ್ಲ ಒದರಿದೆ. ಪೂರ್ತಿ ಕೇಳಿಸಿಕೊಂಡು, "ನಿನ್ನ ಪರ್ಸೆಂಟೇಜ್ ಕಟ್ಟಿಡು ಮಾರಾಯ. ಅಪ್ಪನ್ನ ಕೇಳಿದ್ಯಾ?" ಅಂದಳು.

ಕೇಳಿರಲಿಲ್ಲ. ಬೆಳಿಗ್ಗೆ ಹೋಗಿ ಕೇಳಿದೆ, ಎರಡೂ ಥರ ಬಿಡಿಸಿ ಹೇಳಿ. ಅಪ್ಪ ಎರಡನ್ನೂ ಹಾಗೇ ಬಿಟ್ಟು, "ಆಪರೇಷನ್ ಆಗಿ ಎಷ್ಟು ದಿನಕ್ಕೆ ತೋಟಕ್ಕೆ ಇಳೀಬಹುದು, ಅದನ್ನ ಕೇಳ್ಕೊಂಡು ಬಾ" ಅಂದರು.

ಡಾಕ್ಟರು ಮೂರು ತಿಂಗಳು ಅಂದರು. ಅಪ್ಪ ಬೆರಳು ಮಡಚಿ ಅಡಿಕೆ ಕೊಯ್ಲಿನ ಲೆಕ್ಕ ಹಾಕಿದರು. "ಹಂಗಾದ್ರೆ ಈ ವಾರಾನೇ ಮಾಡಿಸ್ಬಿಡು."