ನೋಡುವ ಟಿಕೀಟು, ಹೇಳುವ ಬಾಯಿ

ಐಹೊಳೆಯ ಗುಡಿಗಳ ಹೆಸರನ್ನು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಬೇಕು. ಲಾಡ್‌ಖಾನ್ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯನ ಗುಡಿ. ಕಟ್ಟಿಸಿದ ಅರಸನ ಹೆಸರು ಇದರಲ್ಲಿ ಎಲ್ಲಿದೆ? ದುರ್ಗದ ಗುಡಿ ಇದೆಯಲ್ಲ ಅಂದರೆ, ಅದು ದುರ್ಗಾದೇವಿಯಿಂದ ಬಂದ ಹೆಸರಲ್ಲ, ಅಲ್ಲಿದ್ದ ಕೋಟೆಯಿಂದ ಬಂದದ್ದು. ಲಾಡ್‌ಖಾನ್ ಎಂಬ ಮುಸಲ್ಮಾನ ಆ ಗುಡಿಯೊಳಗೇ ಇದ್ದ, ಅದಕ್ಕೇ ಆ ಹೆಸರು. ಪೂಜೆ ನಿಂತ ಗುಡಿಗಳಲ್ಲಿ ಜನ ಒಲೆ ಹೂಡಿದರು, ದನ ಕಟ್ಟಿದರು, ಮಕ್ಕಳನ್ನು ಹೆತ್ತರು. ಚಾಲುಕ್ಯರ ಮೊದಲ ಪ್ರಯೋಗಗಳೆಂದು ಕಲಾ ಇತಿಹಾಸದ ಪುಸ್ತಕಗಳು ಕೊಂಡಾಡುವ ಕಟ್ಟಡಗಳನ್ನು ಇವತ್ತಿಗೂ ನಾವು ಕರೆಯುವುದು ಹೀಗೆ ಊರವರಿಟ್ಟ ಹೆಸರುಗಳಿಂದ.

ನಮ್ಮ ಜಾನಪದ ವಿದ್ವಾಂಸರಿಗೆ ಇದು ಹಿಗ್ಗಿನ ವಿಷಯ. ಜನ ಗುಡಿಯನ್ನು ಮನೆ ಮಾಡಿಕೊಂಡರು ನೋಡ್ರಿ, ಇದೇ ಜೀವಂತ ಪರಂಪರೆ ಅಂತಾರ. ಆದರೆ ಆ ಪಟ್ಟಿಯನ್ನೇ ಇನ್ನೊಮ್ಮೆ ಓದಿ. ಗೌಡರಿದ್ದಾರೆ, ಬಡಿಗೇರರಿದ್ದಾರೆ, ಅಂಬಿಗೇರರಿದ್ದಾರೆ, ಖಾನ್‌ಸಾಹೇಬರೂ ಇದ್ದಾರೆ. ಹೊಲೇರ ಗುಡಿ, ಮಾದರ ಗುಡಿ ಅಂತ ನಾನು ಕೇಳಿಲ್ಲ. ದೇವರು ಬಿಟ್ಟುಹೋಗಿ ಬಾವಲಿ ಸೇರಿದ ಮೇಲೂ ಆ ಕಲ್ಲಿನ ನೆರಳು ಕೇರಿಯವರ ಪಾಲಿಗೆ ಬರಲಿಲ್ಲ ಅಂತಲೇ ಈ ಹೆಸರುಗಳು ಹೇಳುತ್ತವೆ. ಪಾಳುಬಿದ್ದ ಗುಡಿಗೂ ಜಾತಿ ಇತ್ತು.

1874ರಲ್ಲಿ ಬರ್ಜೆಸ್ ಸಾಹೇಬ ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ಸುತ್ತಿ ಇವುಗಳ ಅಳತೆ ತೆಗೆದುಕೊಂಡು ಹೋದ. ಮುಂದಿನ ಕಾಲದಲ್ಲಿ ಒಳಗಿದ್ದವರು ಹೊರಬಿದ್ದರು. ತಂತಿಬೇಲಿ ಬಂತು, ಹುಲ್ಲುಹಾಸು ಬಂತು, ಟಿಕೀಟಿನ ಕಿಂಡಿ ಬಂತು. ಟಿಕೀಟು ಹರಿದುಕೊಡುವವನು ಜಾತಿ ಕೇಳುವುದಿಲ್ಲ. ಇದು ಸಣ್ಣ ಮಾತಲ್ಲ. ಊರು ಕೊಡದ ಪ್ರವೇಶವನ್ನು ಸರಕಾರದ ಒಂದು ಚೀಟಿ ಕೊಟ್ಟಿತು. ಹಾಗಾಗಿ ವಸ್ತುಸಂಗ್ರಹಾಲಯವೇ ಪರಂಪರೆಯನ್ನು ಕೊಂದಿತೆಂದು ಅಳುವವರ ಜೊತೆ ನಾವು ಅಳಬೇಕಾಗಿಲ್ಲ. ನಮ್ಮ ತಕರಾರು ಬೇರೆ. ಟಿಕೀಟಿನಿಂದ ನೋಡುವ ಹಕ್ಕಷ್ಟೇ ಬಂತು. ಕಂಡದ್ದನ್ನು ವಿವರಿಸುವ, ಹಲಗೆಯ ಮೇಲೆ ಏನು ಬರೆಯಬೇಕೆಂದು ತೀರ್ಮಾನಿಸುವ ಹಕ್ಕು ಯಾರ ಹತ್ತಿರ ಇತ್ತೋ ಅವರ ಹತ್ತಿರವೇ ಉಳಿಯಿತು.

ಪಟ್ಟದಕಲ್ಲಿಗೆ ಬನ್ನಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ, ಎಂಟನೆಯ ಶತಮಾನದ್ದು. ಇದನ್ನು ಗೈಡುಗಳು ತಪ್ಪದೆ ಹೇಳುತ್ತಾರೆ. ಅದೇ ಗುಡಿಯ ಶಾಸನಗಳಲ್ಲಿ ಸೂತ್ರಧಾರಿ ಗುಂಡನ ಹೆಸರಿದೆ, ಅವನಿಗೆ ಪೆರ್ಜೆರೆಪು ಎಂಬ ಪಟ್ಟ ಕಟ್ಟಿದ ಸಂಗತಿ ಇದೆ. ಫ್ಲೀಟ್ ಓದಿರುವ ಪ್ರಕಾರ, ಈ ನಾಡಿನ ಕುಶಲಕರ್ಮಿಗಳಿಗಿದ್ದ ಜಾತಿ ಬಹಿಷ್ಕಾರವನ್ನು ತೆಗೆದುಹಾಕಿದ ಮಾತೂ ಅಲ್ಲೇ ಇದೆ. ಇಂಥ ಸಾಲೊಂದು ಗೋಡೆಯ ಮೇಲಿರುವಾಗ ಕೇಳಬೇಕಾದ ಪ್ರಶ್ನೆ ಎಷ್ಟು! ಬಹಿಷ್ಕಾರ ಹಾಕಿದವರು ಯಾರು, ಯಾವ ತಪ್ಪಿಗೆ? ಅರಮನೆಗೆ ಗುಡಿ ಬೇಕಾಗಿತ್ತು, ಅದಕ್ಕೆ ಬಹಿಷ್ಕಾರ ಸಡಿಲಾಯಿತೋ? 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಾಗರ ಶಿಖರ, ದ್ರಾವಿಡ ಶಿಖರ ಎರಡೂ ಒಂದೇ ಅಂಗಳದಲ್ಲಿರುವುದು ಜಗತ್ತಿಗೆಲ್ಲ ಗೊತ್ತಾಯಿತು. ಬಹಿಷ್ಕಾರದ ಸಾಲು ಶಾಸನತಜ್ಞರ ಸಂಪುಟದಲ್ಲೇ ಮಲಗಿದೆ.

ಹಾಗಂತ ಈ ಶಿಲ್ಪಿಗಳೆಲ್ಲ ನಮ್ಮವರೇ ಎಂದು ಕೆಲವು ಗೆಳೆಯರು ಭಾಷಣದಲ್ಲಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ಅದೇ ಗುಡಿಯಲ್ಲಿ ಸರ್ವಸಿದ್ಧಿ ಆಚಾರಿಯನ್ನು ಹೊಗಳುವ ಮಾತುಗಳಿವೆ. ಪಟ್ಟ ಕಟ್ಟಿಸಿಕೊಂಡವನು ಆಚಾರಿ. ಗಣಿಯಿಂದ ಬಂಡೆ ಎಬ್ಬಿಸಿ ಮಲಪ್ರಭೆಯ ದಂಡೆಗೆ ಎಳೆದುತಂದವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಇಲ್ಲದ ವಂಶಾವಳಿ ಹೊಸೆಯುವುದು ಮೇಲ್ಜಾತಿಯವರು ಶತಮಾನಗಳಿಂದ ಮಾಡಿಕೊಂಡು ಬಂದ ಕಸುಬು. ಅದು ನಮಗೆ ಯಾಕೆ?

ಇನ್ನು ಚಾಲುಕ್ಯ ಉತ್ಸವ. ವರ್ಷಗಟ್ಟಲೆ ನಡೆಯದೆ ನಿಂತದ್ದೂ ಇದೆ, ನಡೆದಾಗ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಲ್ಲಿ ವೇದಿಕೆ ಏಳುತ್ತದೆ. ಇಂಥ ಸರಕಾರಿ ಉತ್ಸವಗಳ ಆಮಂತ್ರಣ ಪತ್ರಿಕೆಯನ್ನು ಒಂದು ಪಠ್ಯವೆಂದು ಓದುವುದನ್ನು ನಮ್ಮ ವಿಮರ್ಶೆ ಕಲಿಯಬೇಕು. ಹಲಗಿ, ಡೊಳ್ಳು, ಕರಡಿ ಮಜಲು ಬರುವುದು ಮೆರವಣಿಗೆಯಲ್ಲಿ, ಹಗಲಿನ ಬಿಸಿಲಲ್ಲಿ, ಮಂತ್ರಿಗಳ ಮುಂದೆ. ರಾತ್ರಿಯ ದೀಪ, ಧ್ವನಿವರ್ಧಕ, ದೊಡ್ಡ ಸಂಭಾವನೆ ಬೆಂಗಳೂರು, ಮುಂಬಯಿಯಿಂದ ಬಂದವರಿಗೆ. ಗಾಯಕರಿಗೆ ಪೂರ್ಣ ಹೆಸರು, ಬಿರುದು, ಭಾವಚಿತ್ರ. ಹಲಗಿಯವರಿಗೆ ‘ಮತ್ತು ತಂಡ’. ಗುಡಿಯ ಮುಂದೆ ನರ್ತಕಿಯೊಬ್ಬಳು ದೇವದಾಸಿಯರ ನಾಟ್ಯಪರಂಪರೆಯನ್ನು ನೆನೆದು ಕುಣಿದರೆ ಅದು ಸಂಸ್ಕೃತಿ. ಇದೇ ಹುನಗುಂದ, ಬಾದಾಮಿ ಸೀಮೆಯ ಮಾದರ ಕೇರಿಗಳಲ್ಲಿ ಮುತ್ತು ಕಟ್ಟಿಸಿಕೊಂಡು ಚೌಡಿಕೆ ಹಿಡಿದ ಹೆಂಗಸು 1982ರ ಕಾಯ್ದೆಯ ಪ್ರಕಾರ ಒಂದು ಸಾಮಾಜಿಕ ಸಮಸ್ಯೆ. ಕಾಯ್ದೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪದ್ಧತಿಯ ಸೊಬಗೆಲ್ಲ ಒಬ್ಬರಿಗೆ, ಕಳಂಕವೆಲ್ಲ ಇನ್ನೊಬ್ಬರಿಗೆ ಹಂಚಿದ ಕೈ ಯಾವುದು?

ಇಳಕಲ್ ಸೀರೆಯ ಮಳಿಗೆಯದೂ ಇದೇ ಕಥೆ. ಟೋಪತೆನಿ ಸೆರಗು ಎಲ್ಲರಿಗೂ ಬೇಕು. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಕೂಡಿಸಬೇಕು, ಅದಕ್ಕೆ ಒಂದೊಂದು ಸೀರೆಗೂ ಬೇರೆ ಹಾಸು ಹೂಡಬೇಕು. ಮಗ್ಗದ ಹಿಂದಿನ ಈ ಕೆಲಸದಲ್ಲಿ ಹೆಂಗಸರ ಕೈ ಎಷ್ಟಿದೆ ಎಂಬುದನ್ನು ಬೆಲೆಚೀಟಿ ಹೇಳುವುದಿಲ್ಲ.

ಬಾದಾಮಿಯ ಮ್ಯೂಜಿಯಮ್ಮಿನಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಇದ್ದಾಳೆ, ಮುಟ್ಟಬಾರದು. ಐಹೊಳೆಯ ಹತ್ತಿರ ಸಿದ್ದನಕೊಳ್ಳದಲ್ಲಿ ಇನ್ನೊಬ್ಬಳಿದ್ದಾಳೆ, ಮಕ್ಕಳಿಲ್ಲದವರು ಬಂದು ಇವತ್ತಿಗೂ ಬೇಡಿಕೊಳ್ಳುತ್ತಾರೆ. ಎರಡನ್ನೂ ಒಂದೇ ದಿನ ನೋಡಬಹುದು, ವಿದ್ಯಾರ್ಥಿಗಳು ನೋಡಬೇಕು.

ಈಗ ಹೊಸದೊಂದು ಮಾತು ಬಂದಿದೆ, ನಿಧಾನ ಪ್ರವಾಸ. ಅವಸರವಿಲ್ಲದೆ ಒಂದೇ ಊರಲ್ಲಿ ಉಳಿದು ಚಿತ್ರಪ್ರದರ್ಶನ ನೋಡುವುದು, ಓಣಿಯಲ್ಲಿ ಅಡ್ಡಾಡುವುದು. ಇದಕ್ಕೆ ಇಟಲಿಯ ಊರುಗಳನ್ನು ಮಾದರಿಯಾಗಿ ತೋರಿಸುತ್ತಾರೆ. ಬನಶಂಕರಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬಂದು, ನಾಟಕ ಕಂಪನಿಗಳ ಡೇರೆಯಲ್ಲಿ ರಾತ್ರಿ ಬೆಳಗು ಮಾಡಿದ ನಮ್ಮ ಜನಕ್ಕೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ಇರಲಿ. ಇಟಲಿ ಅಂದವರು ಮತೇರಾ ಎಂಬ ಊರಿನ ಕಥೆಯನ್ನೂ ಹೇಳಬೇಕು. ಅಲ್ಲಿಯ ಬಡ ರೈತರು, ಕೂಲಿಗಳು ಬೆಟ್ಟ ಕೊರೆದ ಗುಹೆಗಳಲ್ಲಿ ಕತ್ತೆ, ಹಂದಿಗಳ ಜೊತೆ ಬದುಕಿದ್ದರು. 1945ರಲ್ಲಿ ಕಾರ್ಲೊ ಲೇವಿ ತನ್ನ ಪುಸ್ತಕದಲ್ಲಿ ಆ ಬಡತನವನ್ನು ಬರೆದ. ಅದು ರಾಷ್ಟ್ರದ ನಾಚಿಕೆ ಎನಿಸಿಕೊಂಡಿತು, 1952ರ ಕಾಯ್ದೆಯಿಂದ ಸುಮಾರು 15 ಸಾವಿರ ಜನರನ್ನು ಹೊಸ ಬಡಾವಣೆಗಳಿಗೆ ಸಾಗಿಸುವ ಕೆಲಸ ಶುರುವಾಯಿತು. ಖಾಲಿಯಾದ ಗುಹೆಗಳು 1993ರಲ್ಲಿ ವಿಶ್ವ ಪರಂಪರೆಯಾದವು. 2019ರಲ್ಲಿ ಮತೇರಾ ಯುರೋಪಿನ ಸಾಂಸ್ಕೃತಿಕ ರಾಜಧಾನಿ. ರೋಗ, ಹಸಿವು ಇದ್ದ ಗುಹೆಗಳಲ್ಲಿ ಈಗ ಹೋಟೆಲುಗಳಿವೆ. ಆ ಸೀಮೆಯ ರೈತರನ್ನು ಲೇವಿ 1961ರಲ್ಲಿ ಬರೆದ ಭಾರಿ ಚಿತ್ರವೊಂದು ಅದೇ ಊರಿನ ಮ್ಯೂಜಿಯಮ್ಮಿನಲ್ಲಿದೆ. ಗುಹೆಯಲ್ಲೇ ಇರಬೇಕಿತ್ತು ಅಂತ ಯಾರೂ ಹೇಳುವುದಿಲ್ಲ. ಒಳ್ಳೆಯ ಮನೆ ಅವರ ಹಕ್ಕಾಗಿತ್ತು. ಆದರೆ ಬಡವನಿದ್ದಾಗ ನಾಚಿಕೆಯಾಗಿದ್ದ ಕಲ್ಲು ಅವನು ಹೋದ ಮೇಲೆ ಹೆಮ್ಮೆಯಾಗುವುದು ಹೇಗೆ ಎಂಬುದನ್ನು ಐಹೊಳೆಯವರು ತಿಳಿದುಕೊಳ್ಳಬೇಕು.

ಯಾಕಂದರೆ ಐಹೊಳೆಯನ್ನು ಎಬ್ಬಿಸಿ ಬೇರೆ ಕಡೆ ಕೂಡಿಸುವ ಮಾತು ದಶಕಗಳಿಂದ ನಡೆದೇ ಇದೆ. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೆ ಪರವಾನಿಗೆ ಬೇಕು. ಸೊಸೆ ಬಂದ ಮನೆಗೆ ಒಂದು ಕೋಣೆ ಏರಿಸುವುದೂ ಕಷ್ಟ. ಹಾಗಾಗಿ ಹೋಗೋಣ ಅನ್ನುವವರೂ ಇದ್ದರೆ ಆಶ್ಚರ್ಯವಿಲ್ಲ. 2015ರಲ್ಲಿ ಐಹೊಳೆ, ಬಾದಾಮಿ, ಪಟ್ಟದಕಲ್ಲು ಮೂರೂ ಸೇರಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಹೋದ ಮೇಲೆ ಈ ಮಾತಿಗೆ ತೂಕ ಬಂದಿದೆ. ಊರು ಏಳುವುದು ಅಂದರೆ ಏನೆಂದು ಬಾಗಲಕೋಟೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟು ನವನಗರಕ್ಕೆ ಹೋದ ಜನ ಅವರು. ಉತಾರ ಇದ್ದವನಿಗೆ ಪರಿಹಾರ ಸಿಕ್ಕೀತು, ಉತಾರವೇ ಇಲ್ಲದೆ ಇನ್ನೊಬ್ಬರ ಹೊಲದಲ್ಲಿ ದುಡಿದವನು ಏನು ತೋರಿಸಬೇಕು?

ಐಹೊಳೆಯ ಸಭೆಗಳಲ್ಲಿ ಕೇರಿಯವರು ಕೂಡುವ ಜಾಗ, ಕೇಳುವ ಪ್ರಶ್ನೆ ಮೊದಲೇ ಗೊತ್ತಿರಬೇಕು. ಸರ್ವೇ ಮಾಡುವಾಗ ಕೂಲಿಯವನ ಗುಡಿಸಲು ಮನೆ ಎಂದು ಬರೆದುಕೊಂಡರೋ ಇಲ್ಲವೋ, ಗೈಡಿನ ಕೆಲಸ, ಹಲಗೆ ಬರೆಯುವ ಕೆಲಸ ಕೇರಿಯ ಓದಿದ ಹುಡುಗರಿಗೆ ಸಿಗುತ್ತದೋ ಇಲ್ಲವೋ ಕೇಳಬೇಕು. ಹೊಸ ಊರಿನ ನಕ್ಷೆ ಬಂದರೆ, ಕೇರಿಯನ್ನು ಯಾವ ದಿಕ್ಕಿಗೆ ಬರೆದಿದ್ದಾರೆ, ನೀರಿನ ಟಾಕಿಯಿಂದ ಎಷ್ಟು ದೂರ, ಮೊದಲು ಅದನ್ನ ನೋಡ್ರಿ.