ಹಾಡುವ ನಾಯಕರ ಹಗುರ ಚಿತ್ರಗಳು

ಸಾಹಿತ್ಯದ ಪುಟದಲ್ಲಿ ಎಮ್ಮೆಯ ಮೇಲೆ ಕುಳಿತು ಹಾಡುವವನ ಮಾತೆತ್ತಿದರೆ ಹಿರಿಯರು ಕೆಲವರು ಹುಬ್ಬೇರಿಸಬಹುದು. ಕಾವ್ಯಮೀಮಾಂಸೆ ಹೇಳಿಕೊಡುವ ಅಧ್ಯಾಪಕನಿಗೆ ಇದೇನು ಚಾಪಲ್ಯವೆಂದು ಕೇಳಲೂಬಹುದು. ನನ್ನ ಸಮಾಧಾನವಿಷ್ಟೆ: ಈ ವಿಷಯ ನನಗೆ ಸಿಕ್ಕದ್ದು ತರಗತಿಯಲ್ಲಿಯೇ.

ಬೀದರದ ನಮ್ಮ ಕಾಲೇಜಿನಲ್ಲಿ ಒಂದು ದಿನ ಹಾಸ್ಯರಸದ ಪಾಠ ನಡೆದಿತ್ತು. ಹಾಸ್ಯವು ಶೃಂಗಾರದಿಂದ ಹುಟ್ಟುತ್ತದೆಂಬ ಭರತಮುನಿಯ ಮತವನ್ನು ವಿವರಿಸಿ, ನಗು ತರಿಸುವ ಒಂದು ಪ್ರಣಯಗೀತೆಯನ್ನು ಹೆಸರಿಸಿರಿ ಎಂದೆ. ಹತ್ತಾರು ಕೈ ಮೇಲೆದ್ದವು. ಬಂದ ಹಾಡುಗಳೆಲ್ಲ ಹಿಂದಿಯವೇ. ಕನ್ನಡದ್ದು ಒಂದೂ ಇಲ್ಲವೇ ಎಂದಾಗ ಔರಾದ ಕಡೆಯ ಹುಡುಗಿಯೊಬ್ಬಳು ಅಂಜುತ್ತ ಎದ್ದು, "ಪ್ರೀತಿ ಹಾಡಲ್ರಿ ಸರ್, ಎಮ್ಮಿ ಹಾಡದ. ನಮ್ ಮುತ್ಯಾ ಎಮ್ಮಿ ಹೊಡಕೊಂಡು ಬರೋವಾಗ ಅದನ್ನೇ ಹಾಡ್ತಾನ್ರಿ" ಎಂದಳು. ತರಗತಿ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಮನಸ್ಸಿಗೆ ಚುಚ್ಚಿತು: ಈ ಮಕ್ಕಳು ಕನ್ನಡದಲ್ಲಿ ಪರೀಕ್ಷೆ ಬರೆಯುತ್ತಾರೆ, ಹಿಂದಿಯಲ್ಲಿ ನಗುತ್ತಾರೆ.

ಇದಕ್ಕೆ ಕಾರಣ ಇಲ್ಲದಿಲ್ಲ. ಬೀದರ 1956ರವರೆಗೆ ಹೈದರಾಬಾದಿಗೆ ಸೇರಿತ್ತು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆ ತೂಗಹಾಕಿ ಒಳಗೆ ಕನ್ನಡ ಕಲಿಸಿದರು. ಅಷ್ಟು ಪ್ರಯಾಸದಿಂದ ಉಳಿದ ನುಡಿಯನ್ನು ನಾವು ದೇವರಮನೆಯ ದೀಪದಂತೆ ಕಾಪಾಡಿದೆವು; ಅಂಗಳದ ಆಟಕ್ಕೆ ತರಲು ಹಿಂಜರಿದೆವು. ವಿನೋದಕ್ಕೆ ಹಿಂದಿ ಚಿತ್ರಗಳಿದ್ದವು, ಅವುಗಳಲ್ಲಿ ಕಿಶೋರಕುಮಾರರಿದ್ದರು.

ಕಿಶೋರಕುಮಾರರನ್ನು ಹಿನ್ನೆಲೆ ಗಾಯಕರೆಂದಷ್ಟೇ ಬಲ್ಲವರು 1958ರ 'ಚಲ್ತೀ ಕಾ ನಾಮ್ ಗಾಡಿ'ಯನ್ನು ನೋಡಬೇಕು. ಅಶೋಕ, ಅನೂಪ, ಕಿಶೋರ ಎಂಬ ನಿಜವಾದ ಅಣ್ಣತಮ್ಮಂದಿರು ಅಲ್ಲಿ ಮೋಟಾರು ದುರಸ್ತಿಯ ಅಂಗಡಿ ಇಟ್ಟ ಅಣ್ಣತಮ್ಮಂದಿರೇ ಆಗಿದ್ದಾರೆ. ಮಳೆಯ ರಾತ್ರಿ ಕಾರು ಕೆಟ್ಟು, ತೊಯ್ದ ಬಟ್ಟೆಯಲ್ಲಿ ಮಧುಬಾಲಾ ಒಳಬರುತ್ತಾರೆ. ನಿದ್ದೆಗಣ್ಣಿನ ಹುಡುಗ ಕೈಗೆ ಸಿಕ್ಕ ಪಾನಾ, ತಗಡುಗಳನ್ನೇ ತಾಳವಾದ್ಯ ಮಾಡಿಕೊಂಡು ಹಾಡತೊಡಗುತ್ತಾನೆ. ನಮ್ಮ ಚಿತ್ರಗಳಲ್ಲಿ ಸಾಮಾನ್ಯವಾಗಿ ಮುಖ ಒಬ್ಬರದು, ಕಂಠ ಇನ್ನೊಬ್ಬರದು. ನಾಯಕ ತುಟಿಯಾಡಿಸುವಾಗ ಒಂದು ಎಚ್ಚರಿಕೆ, ಒಂದು ಬಿಗುವು ಇದ್ದೇ ಇರುತ್ತದೆ. ಇಲ್ಲಿ ಆ ಬಿಗುವಿಲ್ಲ. ಹುಬ್ಬು ಕುಣಿದಂತೆ ದನಿ ಕುಣಿಯುತ್ತದೆ. ಹಾಡುವವನೇ ನಟಿಸುವ ಚಿತ್ರದ ಮೊದಲ ಆಕರ್ಷಣೆ ಇದು.

1962ರ 'ಹಾಫ್ ಟಿಕೆಟ್' ಇನ್ನೂ ಮುಂದೆ ಹೋಯಿತು. ಸಲಿಲ್ ಚೌಧರಿಯವರ ಒಂದು ಯುಗಳಗೀತೆಯಲ್ಲಿ ಗಂಡುದನಿ, ಹೆಣ್ಣುದನಿ ಎರಡೂ ಕಿಶೋರರವೇ. ತೆರೆಯ ಮೇಲೆ ಹೆಣ್ಣುವೇಷವೂ ಅವರದೇ. ಅವರ ಗಂಡುದನಿಗೆ ತುಟಿಯಾಡಿಸುವವರು ಖಳನಟ ಪ್ರಾಣ್. ಕಂಠದ ಮೇಲೆ ಇಷ್ಟು ಹತೋಟಿಯಿಲ್ಲದವನು ಹೀಗೆ ಕೋತಿಯಾಟ ಆಡಲಾರ.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಲಖನೌದಲ್ಲಿ ಹುಟ್ಟಿದ ಆಂಗ್ಲ ಗಾಯಕ ಕ್ಲಿಫ್ ರಿಚರ್ಡ್ 1963ರ 'ಸಮ್ಮರ್ ಹಾಲಿಡೇ'ಯಲ್ಲಿ ಲಂಡನ್ನಿನ ಬಸ್ಸು ದುರಸ್ತಿ ಮಾಡುವ ಹುಡುಗ. ಅವನೂ ಗೆಳೆಯರೂ ಎರಡಂತಸ್ತಿನ ಬಸ್ಸೊಂದನ್ನು ಹೊಡೆದುಕೊಂಡು, ಹಾಡುತ್ತ ಹಾಡುತ್ತ ಅಥೆನ್ಸ್ ತಲಪುತ್ತಾರೆ. ಮುಂಬಯಿಯ ಗ್ಯಾರೇಜಿಗೂ ಲಂಡನ್ನಿನ ಗ್ಯಾರೇಜಿಗೂ ಅರ್ಥ ಒಂದೇ: ದುಡಿಯುವ ಕೈಗಳಿಗೆ ಒಂದು ದಿನದ ಬಿಡುವು. 1964ರ 'ಎ ಹಾರ್ಡ್ ಡೇಸ್ ನೈಟ್'ನಲ್ಲಿ ಬೀಟಲ್ಸ್ ನಾಲ್ವರು ಕೆಲಸ ತಪ್ಪಿಸಿಕೊಂಡು ಬಯಲಿಗೆ ಓಡಿ ಕುಣಿಯುವಾಗಲೂ ನಮಗೆ ದೊರಕುವುದು ಅದೇ ಬಿಡುವು.

ಹಾಗೆಂದು ಹಗುರವಾದುದೆಲ್ಲ ಚೆನ್ನೆಂದಲ್ಲ. ಹತ್ತಿಯೂ ಹಗುರ, ಹೊಟ್ಟೂ ಹಗುರ. ಎಲ್ವಿಸ್ ಪ್ರೆಸ್ಲಿ 1956ರಿಂದ 1969ರ ನಡುವೆ 31 ಚಿತ್ರಗಳಲ್ಲಿ ನಟಿಸಿದ. 1961ರ 'ಬ್ಲೂ ಹವಾಯಿ' ಹಣ ತಂದ ಮೇಲೆ ಕಡಲತೀರ, ಹುಡುಗಿಯರು, ನಡುನಡುವೆ ಹಾಡು ಎಂಬ ಒಂದೇ ಅಚ್ಚಿನಲ್ಲಿ ಎಷ್ಟೋ ಚಿತ್ರಗಳು ಬಂದವು. 1957ರ 'ಜೈಲ್‌ಹೌಸ್ ರಾಕ್'ನಲ್ಲಿ ಕಂಡ ಉರಿ ಅವುಗಳಲ್ಲಿ ಆರಿತ್ತು.

1968ರ 'ಪಡೋಸನ್' ಹತ್ತಿಯ ಜಾತಿಯದು, ಆದರೆ ಅದರಲ್ಲೊಂದು ಮುಳ್ಳಿದೆ. ಹಾಡಲು ಬಾರದ ಸುನಿಲ ದತ್ತರಿಗಾಗಿ ಮರೆಯಲ್ಲಿ ನಿಂತು ಕಿಶೋರರು ಹಾಡುವುದು, ಕಿಟಕಿಯಲ್ಲಿ ನಿಂತ ದತ್ತರು ತುಟಿಯಾಡಿಸುವುದು, ಹಿನ್ನೆಲೆ ಗಾಯನವೆಂಬ ಪದ್ಧತಿಯನ್ನೇ ಗೇಲಿ ಮಾಡಿದ ಅಪೂರ್ವ ಕಲ್ಪನೆ. ಆದರೆ ಸೋಲುವವನು ಯಾರು? ಮೆಹಮೂದರು ನಟಿಸಿದ, ಜುಟ್ಟಿನ, ತೊದಲು ಹಿಂದಿಯ ದಕ್ಷಿಣದ ಸಂಗೀತದ ಮೇಷ್ಟರು. ನಮ್ಮ ತಂದೆಯವರು ಆ ಪಾತ್ರವನ್ನು ನೆನೆದು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಬೇರೆಯವರ ನುಡಿಯಲ್ಲೇ ನಗುವವನು ಕೊನೆಗೆ ತನ್ನನ್ನು ಕುರಿತ ಕುಚೋದ್ಯಕ್ಕೂ ನಗಬೇಕಾಗುತ್ತದಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಕನ್ನಡದಲ್ಲಿ ಹಾಡುವ ನಾಯಕರಿಗೆ ಕೊರತೆಯಿರಲಿಲ್ಲ. ಕಂಪನಿ ನಾಟಕದಿಂದ ಬಂದವರಿಗೆ ಹಾಡು ಬಾರದಿದ್ದರೆ ಅನ್ನವೇ ಇರಲಿಲ್ಲ. ಹೊನ್ನಪ್ಪ ಭಾಗವತರು 1955ರ 'ಮಹಾಕವಿ ಕಾಳಿದಾಸ'ದಲ್ಲಿ ತಾವೇ ನಟಿಸಿದರು, ತಾವೇ ಹಾಡಿದರು. ಆದರೆ ಆ ಕಂಠಗಳು ಬಹುಮಟ್ಟಿಗೆ ಭಕ್ತಿಗೂ ಪುರಾಣಕ್ಕೂ ಮೀಸಲಾದವು. ರಾಜಕುಮಾರರೂ ಗುಬ್ಬಿ ಕಂಪನಿಯ ಗರಡಿಯಲ್ಲಿ ಬೆಳೆದವರೇ. ಆದರೂ, ಒಂದೆರಡು ಹಾಡುಗಳನ್ನು ಬಿಟ್ಟರೆ, ಬಹುಕಾಲ ಅವರ ತುಟಿಗೆ ಪಿ. ಬಿ. ಶ್ರೀನಿವಾಸರ ಕಂಠವಿತ್ತು.

1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು. ಮೂಲ, ನಮ್ಮ ಉತ್ತರ ಕರ್ನಾಟಕದ ಪಿ. ಬಿ. ಧುತ್ತರಗಿಯವರ ಕಂಪನಿ ನಾಟಕ, ಸಂಗೀತ ಜಿ. ಕೆ. ವೆಂಕಟೇಶರದು. ಅದರಲ್ಲಿ ರಾಜಕುಮಾರರು ಎಮ್ಮೆಯೇರಿ, ಸ್ವಂತ ಕಂಠದಿಂದ, ಊರಿಗೆ ಊರೇ ಕೇಳುವಂತೆ ಹಾಡಿದರು. ಅಲ್ಲಿಂದ ಮುಂದೆ ಅವರ ಹಾಡು ಅವರದೇ ಆಯಿತು. ದೇವರಾಗಿ, ಅರಸನಾಗಿ ಕಂಡ ನಟನ ನಿಜವಾದ ಕಂಠವನ್ನು ಜನ ಮನಸ್ಸಿಗೆ ಹಚ್ಚಿಕೊಂಡದ್ದು ಸಿಂಹಾಸನದ ಮೇಲಿನಿಂದಲ್ಲ, ಎಮ್ಮೆಯ ಬೆನ್ನಿನಿಂದ! ಗಾಯನಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಮಾತ್ರ 1992ರ 'ಜೀವನ ಚೈತ್ರ'ದ ಶಾಸ್ತ್ರೀಯ ಧಾಟಿಯ ಹಾಡಿಗೆ. ಅದು ದೊಡ್ಡ ಹಾಡೇ, ಪ್ರಶಸ್ತಿ ಉಚಿತವಾದುದೇ. ಆದರೆ ಪ್ರಶಸ್ತಿ ಕೊಡುವವರಿಗೂ ವಿಮರ್ಶೆ ಬರೆಯುವ ನಮಗೂ ಒಂದೇ ದೋಷ: ಭಾರ ಕಂಡಲ್ಲಿ ಕೈಮುಗಿಯುತ್ತೇವೆ, ಹಗುರ ಕಂಡಲ್ಲಿ ಮುಖ ತಿರುಗಿಸುತ್ತೇವೆ.

ನಮ್ಮ ಗಾಯಕರಿಗೆ ಈ ಬಿಗುಮಾನವಿರಲಿಲ್ಲ. 1972ರ 'ಕುಳ್ಳ ಏಜೆಂಟ್ 000'ಕ್ಕಾಗಿ ಕಿಶೋರಕುಮಾರರು ಕನ್ನಡದಲ್ಲಿ ಹಾಡಿದರು. ಅವರ ಉಚ್ಚಾರ ಅಲ್ಲಲ್ಲಿ ಎಡವಿದರೂ ಉತ್ಸಾಹ ಎಡವಲಿಲ್ಲ. 1993ರ 'ಮುದ್ದಿನ ಮಾವ'ದಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ನಟರಾದರೆ, ಅವರಿಗೆ ಕಂಠ ಕೊಟ್ಟವರು ರಾಜಕುಮಾರರು! ಗಾಯಕನ ತುಟಿಗೆ ನಟನ ದನಿ. ಸಾಮಾನ್ಯ ಪದ್ಧತಿಯನ್ನು ತಲೆಕೆಳಗು ಮಾಡಿದ ಈ ತಮಾಷೆ ಪಡೋಸನ್ನಿನ ತಮಾಷೆಗೆ ಕಡಮೆಯದಲ್ಲ.

ಒಂದು ನುಡಿಯನ್ನು ಉಳಿಸಲು ಶಾಲೆ ಬೇಕು, ಗ್ರಂಥ ಬೇಕು, ಪಟ್ಟದ್ದೇವರಂಥ ಮಹನೀಯರು ಬೇಕು. ಆದರೆ ಅದು ಉಳಿಯಿತೇ ಎಂದು ತಿಳಿಯಬೇಕಾದರೆ, ಕೇಳುವವರು ಯಾರೂ ಇಲ್ಲದಾಗ ಜನ ಏನು ಗುನುಗುತ್ತಾರೆ ಎಂಬುದಕ್ಕೆ ಕಿವಿಗೊಡಬೇಕು. ಔರಾದ ಸೀಮೆಯಲ್ಲಿ ಸಂಜೆ ಎಮ್ಮೆ ಹೊಡೆದುಕೊಂಡು ಬರುವ ಆ ಮುದುಕ ಯಾವ ಅಕಾಡೆಮಿಯನ್ನೂ ಕಂಡವನಲ್ಲ. ಆದರೂ ಮುಂದಿನ ವರ್ಷ ಹಾಸ್ಯರಸದ ಪಾಠಕ್ಕೆ ಮೊದಲ ಉದಾಹರಣೆಯಾಗಿ ನಾನು ಅವನ ಹಾಡನ್ನೇ ತೆಗೆದುಕೊಳ್ಳುವವನಿದ್ದೇನೆ.