ಚಿಕ್ಕಬೆಟ್ಟದ ಶಾಂತಲೆ

ಹಾಸನದಿಂದ ಚನ್ನರಾಯಪಟ್ಟಣದ ಬಸ್ಸು ಹತ್ತಿದರೆ ದಾರಿಯಲ್ಲಿ ಶಾಂತಿಗ್ರಾಮ ಸಿಗುತ್ತದೆ. ಊರಿಗೆ ಆ ಹೆಸರು ಬಂದದ್ದು ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯಿಂದ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಎತ್ತ ಹೋದರೂ ಆಕೆಯ ಹೆಸರು ಎದುರಾಗುತ್ತದೆ. ಹಳೇಬೀಡಿನಲ್ಲಿ ಪ್ರವಾಸೋದ್ಯಮ ನಿಗಮದ ಹೋಟೆಲಿಗೆ ಮಯೂರ ಶಾಂತಲಾ ಎಂದೇ ಹೆಸರು. ರಾಜ್ಯ ಸರ್ಕಾರ ನೃತ್ಯ ಕಲಾವಿದರಿಗೆ ಕೊಡುವುದು ಶಾಂತಲಾ ನಾಟ್ಯಶ್ರೀ ಪ್ರಶಸ್ತಿ. ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಗೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಬಂತು.  

ಹೆಸರು ಹರಡಲಿ, ಸಂತೋಷವೇ. ಆದರೆ ಶಾಂತಲೆಯನ್ನು ನೋಡುತ್ತೇವೆಂದು ಬೇಲೂರಿನ ಕೇಶವನ ಗುಡಿಗೆ ಹೋದವರು ದರ್ಪಣ ಸುಂದರಿ ಎಂಬ ಶಿಲ್ಪದ ಫೋಟೊ ತೆಗೆದು ಹಿಂದಿರುಗುತ್ತಾರಲ್ಲ, ಅದು ನನಗೆ ಸಂಕಟ. ಆ ಮದನಿಕೆ ಶಾಂತಲೆಯೇ ಎನ್ನಲು ಶಾಸನದ ಆಧಾರವಿಲ್ಲ. ಅದೇ ಅಂಗಳದ ಕಪ್ಪೆ ಚೆನ್ನಿಗರಾಯನ ಗುಡಿ ಆಕೆಯೇ ಕಟ್ಟಿಸಿದ್ದು. ಅಲ್ಲಿ ನಿಲ್ಲುವವರು ಕಡಿಮೆ.

ಆಕೆ ಹತ್ತಿರವಾಗುವುದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಿಕ್ಕಬೆಟ್ಟದ ಮೇಲೆ. 1123ರಲ್ಲಿ ಆಕೆ ಕಟ್ಟಿಸಿದ ಬಸದಿಗೆ ಸವತಿಗಂಧವಾರಣ ಎಂದು ಹೆಸರು. ಗಂಧವಾರಣವೆಂದರೆ ಮದ್ದಾನೆ, ಸವತಿಯರ ಪಾಲಿಗೆ ಮದ್ದಾನೆ ಎಂಬುದು ಆಕೆಯ ಬಿರುದು. ಹೊರಗೋಡೆಯಲ್ಲಿ ಬೇಲೂರಿನ ಕುಸುರಿ ಹುಡುಕಬೇಡಿ, ಅದು ಸಾದಾ ಕಲ್ಲಿನ ಕಟ್ಟಡ. ಒಳಗೆ ಆಳೆತ್ತರದ ಶಾಂತಿನಾಥ, ಅಕ್ಕಪಕ್ಕ ಚಾಮರಧಾರಿಗಳು, ಪೀಠದ ಮೇಲೆ ಅಕ್ಷರದ ಸಾಲುಗಳು. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಬೇಕು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನ ಶ್ರಾವಕಿ, ಗಂಡನ ಕಾಲದ ದೊಡ್ಡ ಗುಡಿ ಕೇಶವನದು. ಈ ಮೂರರ ನಡುವೆ ಬಾಳಿದ ಹೆಣ್ಣುಮಗಳು ತನ್ನ ಬಿರುದನ್ನು ಇಟ್ಟದ್ದು ಈ ಬಸದಿಗೆ. 1131ರಲ್ಲಿ ಆಕೆ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ತಾಯಿ ಬೆಳಗೊಳಕ್ಕೆ ಬಂದು ಉಪವಾಸದಿಂದ ದೇಹ ಬಿಡುವ ಸಲ್ಲೇಖನ ವ್ರತ ಕೈಗೊಂಡದ್ದನ್ನೂ ಇಲ್ಲಿನ ಶಾಸನವೇ ಹೇಳುತ್ತದೆ. ಇದನ್ನು ಓದುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ದೊಡ್ಡಬೆಟ್ಟದ ಗೊಮ್ಮಟನನ್ನು ಕಂಡು ಹಾಗೇ ಬಸ್ಸು ಹಿಡಿಯಬೇಡಿ. ಎದುರಿನ ಚಿಕ್ಕಬೆಟ್ಟವನ್ನೂ ಹತ್ತಿ. ಬರಿಗಾಲಲ್ಲಿ ಹೋಗಬೇಕು, ಬಂಡೆ ಕಾಯುವ ಮೊದಲೇ ಹೊರಡಿ.